ಬೂದು ಗಿಳಿ ಗರಿ ಕಿತ್ತುಕೊಳ್ಳುವಾಗ: ಮಲೆನಾಡಿನ ಮನೆಗೊಂದು ದೋಷ ನಿವಾರಣೆ ಕೈಪಿಡಿ

ಪಂಜರದ ತಳಕ್ಕೆ ಹಾಸಿದ ಕಾಗದದ ಮೇಲೆ ಬೂದು ಬಣ್ಣದ ತುಪ್ಪುಳು ಎಂದಿಗಿಂತ ಹೆಚ್ಚು ಬಿದ್ದಿರುತ್ತದೆ. ಗಿಳಿ ತಲೆ ಬಾಗಿಸಿ ಎದೆಯ ಗರಿಯನ್ನು ತೀಡಿಕೊಳ್ಳುತ್ತಿರುವಂತೆ ದೂರಕ್ಕೆ ಕಂಡರೂ, ಹತ್ತಿರ ಹೋಗಿ ನೋಡಿದರೆ ಎರಡು ಬೆರಳಗಲದಷ್ಟು ಬರಿಯ ಚರ್ಮ ಕಾಣಿಸುತ್ತದೆ. ಈ ಕೈಪಿಡಿ ಆ ಒಂದು ದೋಷವನ್ನು ಕುರಿತದ್ದು. ಗರಿ ಕಿತ್ತುಕೊಳ್ಳುವುದು ಒಂದು ರೋಗದ ಹೆಸರಲ್ಲ, ಲಕ್ಷಣ ಮಾತ್ರ. ಜ್ವರಕ್ಕೆ ಹಲವು ಕಾರಣಗಳಿರುವಂತೆ ಇದಕ್ಕೂ ಹಲವು ಕಾರಣಗಳಿವೆ, ಅವುಗಳಲ್ಲಿ ಎರಡು ಮೂರು ಒಟ್ಟಿಗೇ ಸೇರಿರುವುದೂ ಅಪರೂಪವಲ್ಲ.

ಸಕಲೇಶಪುರದ ಬಳಿಯ ನಮ್ಮ ತೋಟದ ಮನೆಯಲ್ಲಿ ಚೆನ್ನಿ ಎಂಬ ಏಳು ವರ್ಷದ ಹೆಣ್ಣು ಬೂದು ಗಿಳಿ ಇದೆ, ಆಫ್ರಿಕನ್ ಗ್ರೇ ಎಂದು ಕರೆಯುವ ಜಾತಿಯದು. ಕಳೆದ ಜೂನ್ ತಿಂಗಳ ಒಂದೇ ವಾರದಲ್ಲಿ ಮಳೆ ಹಿಡಿಯಿತು, ಇರಚಲು ಹೊಡೆಯುತ್ತದೆಂದು ಅದರ ಪಂಜರವನ್ನು ಜಗಲಿಯಿಂದ ಬಚ್ಚಲು ಮನೆಯ ಪಕ್ಕದ ಕೋಣೆಗೆ ಸಾಗಿಸಿದೆವು, ಅದನ್ನು ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದ ಮಗ ಓದಲು ಬೆಂಗಳೂರಿನ ಹಾಸ್ಟೆಲಿಗೆ ಹೋದ. ಮುಂದಿನ ವಾರ ಚೆನ್ನಿ ಗರಿ ಕೀಳಲು ಆರಂಭಿಸಿತು. "ಗರಿ ಉದುರೋ ಕಾಲ ಕಣವ್ವ, ಬಿಡು" ಎಂದರು ನಮ್ಮ ಅತ್ತೆ. ಪೇಟೆಯ ಅಂಗಡಿಯೊಂದರಲ್ಲಿ ಇದು ಹೇನಿನ ಕಾಟ ಎಂದು ಪುಡಿ ಕೊಟ್ಟರು. ನಾನು ಪುಡಿ ಹಾಕಿದೆ, ಬೇವಿನ ನೀರು ಚಿಮುಕಿಸಿದೆ, ಆಹಾರ ಬದಲಿಸಿದೆ, ಹೊಸ ಆಟಿಕೆ ಕಟ್ಟಿದೆ. ಎಲ್ಲವನ್ನೂ ನಾಲ್ಕೇ ದಿನದಲ್ಲಿ ಮಾಡಿದೆ. ಮೂರು ವಾರ ಕಳೆದರೂ ಹಕ್ಕಿ ಸುಧಾರಿಸಲಿಲ್ಲ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಯಾವುದು ಅದಕ್ಕೆ ಒಗ್ಗಿತು, ಯಾವುದು ಕೆಡಿಸಿತು ಎಂದು ತಿಳಿಯುವ ದಾರಿಯೂ ಮುಚ್ಚಿಹೋಗಿತ್ತು. ಮನೆಯೊಳಗೆ ಬೆಳೆದ ಒಂಟಿ ಗಿಳಿಯಲ್ಲಿ ಹೇನು, ನುಸಿಗಳಿಂದ ಗರಿ ಹೋಗುವುದು ಬಹಳ ಅಪರೂಪ ಎಂಬುದು ನನಗೆ ತಿಳಿದದ್ದು ಆಮೇಲೆ. ಮೈಗೆ ಹಾಕಿದ ಪುಡಿಯನ್ನು ಅದು ಕೊಕ್ಕಿನಿಂದಲೇ ತೆಗೆದು ನುಂಗುತ್ತದೆ. ಎಣ್ಣೆಯ ಅಂಶವಿರುವ ಯಾವ ದ್ರವವೂ ಗರಿಯನ್ನು ಅಂಟಿಸಿ ಇನ್ನಷ್ಟು ಕೀಳುವಂತೆ ಮಾಡುತ್ತದೆ. ಈ ಎರಡನ್ನೂ ಯಾರೂ ಮಾಡಬಾರದೆಂದು ಕೇಳಿಕೊಳ್ಳುತ್ತೇನೆ.

ಮೊದಲು ನೋಡಬೇಕಾದದ್ದು: ಕಾಯಲು ಸಮಯವಿದೆಯೇ?

ಪತ್ತೆಹಚ್ಚುವ ಕೆಲಸ ನಿಧಾನದ್ದು. ಆದರೆ ಕೆಲವು ಲಕ್ಷಣಗಳು ಕಂಡರೆ ನಿಧಾನಿಸಬಾರದು, ಅದೇ ದಿನ ಪಶುವೈದ್ಯರ ಬಳಿಗೆ ಹೋಗಬೇಕು. ಗಿಳಿ ಮೈಯುಬ್ಬಿಸಿಕೊಂಡು ಪಂಜರದ ತಳದಲ್ಲಿ ಕುಳಿತಿರುವುದು, ಉಸಿರಿನೊಂದಿಗೆ ಬಾಲ ಮೇಲೆ ಕೆಳಗೆ ಆಡುವುದು, ಬಾಯಿ ತೆರೆದು ಉಸಿರಾಡುವುದು, ಗರಿಯಷ್ಟೇ ಅಲ್ಲದೆ ಚರ್ಮವನ್ನೂ ಮಾಂಸವನ್ನೂ ಕಚ್ಚಿಕೊಳ್ಳುವುದು ಇವು ಅಂಥವು. ಹೊಸದಾಗಿ ಮೂಡುತ್ತಿರುವ ಗರಿಯ ಕಾಂಡದಲ್ಲಿ ರಕ್ತವಿರುತ್ತದೆ. ಅದು ಮುರಿದು ರಕ್ತ ಸೋರುತ್ತಿದ್ದರೆ ಕಾರ್ನ್‌ಫ್ಲೋರ್ ಒತ್ತಿ, ಶುಭ್ರವಾದ ಬಟ್ಟೆಯಿಂದ ಕೆಲವು ನಿಮಿಷ ಅದುಮಿ ಹಿಡಿದು, ನಿಲ್ಲದಿದ್ದರೆ ಹೊರಡಬೇಕು.

ಈ ಜಾತಿಗೇ ವಿಶೇಷವಾದ ಇನ್ನೊಂದು ಅಪಾಯವಿದೆ. ಬೂದು ಗಿಳಿಗಳಲ್ಲಿ ರಕ್ತದ ಕ್ಯಾಲ್ಸಿಯಂ ಇತರ ಗಿಳಿಗಳಿಗಿಂತ ಸುಲಭವಾಗಿ ಕುಸಿಯುತ್ತದೆ, ಹಾಗೆ ಕುಸಿದಾಗ ಹಕ್ಕಿ ನಡುಗುತ್ತದೆ, ಕೂರುವ ಕೊಂಬೆಯಿಂದ ಜಾರಿ ಬೀಳುತ್ತದೆ, ಕೊನೆಗೆ ಫಿಟ್ಸ್ ಬರುತ್ತದೆ. "ಕಾಲು ಜಾರಿರಬೇಕು" ಎಂದು ಒಮ್ಮೆ ಬಿದ್ದದ್ದನ್ನು ಕಡೆಗಣಿಸಬಾರದು. ಗಟ್ಟಿಯಾಗಿ ಹಿಡಿದು ಕೂರುವುದೇ ಗಿಳಿಯ ಸ್ವಭಾವ, ಅದು ಕಾರಣವಿಲ್ಲದೆ ಬೀಳುವುದಿಲ್ಲ.

ಉದುರಿದ್ದೇ, ಕಿತ್ತದ್ದೇ?

ಮೂರು ದಿನ ಬಿದ್ದ ಗರಿಗಳನ್ನೆಲ್ಲ ಬಿಳಿಯ ಕಾಗದದ ಮೇಲೆ ಜೋಡಿಸಿ ಬೆಳಕಿನಲ್ಲಿ ನೋಡಿ. ತಾನಾಗಿ ಉದುರಿದ ಗರಿ ಬುಡದಿಂದ ತುದಿಯವರೆಗೆ ಇಡಿಯಾಗಿರುತ್ತದೆ. ಕಿತ್ತ ಗರಿಯ ಬುಡದಲ್ಲಿ ಕೊಕ್ಕು ಜಜ್ಜಿದ ಗುರುತು ಇರುತ್ತದೆ, ಕೆಲವು ಅರ್ಧಕ್ಕೆ ಕಡಿದಿರುತ್ತವೆ. ಸಹಜವಾಗಿ ಗರಿ ಬದಲಾಗುವಾಗ ಎಡಬಲಗಳೆರಡರಲ್ಲೂ ಸ್ವಲ್ಪ ಸ್ವಲ್ಪವೇ ಉದುರುವುದರಿಂದ ಚರ್ಮ ಬರಿದಾಗಿ ಕಾಣುವುದಿಲ್ಲ. ಗರಿಗೆ ಅಡ್ಡಲಾಗಿ ಸಣ್ಣ ಗೆರೆಗಳು ಕಂಡರೆ, ಆ ಗರಿ ಬೆಳೆಯುತ್ತಿದ್ದ ಕಾಲದಲ್ಲಿ ಹಕ್ಕಿಗೆ ಪೋಷಣೆ ಕಡಿಮೆಯಾಗಿತ್ತು ಅಥವಾ ಅದು ತೀವ್ರ ಒತ್ತಡದಲ್ಲಿತ್ತು ಎಂದು ತಿಳಿಯಬೇಕು. ಅಂದರೆ ತೊಂದರೆ ಈ ವಾರದ್ದಲ್ಲ, ಹಳೆಯದು.

ಬಳಿಕ ತಲೆಯನ್ನು ನೋಡಿ. ಗಿಳಿಗೆ ತನ್ನ ತಲೆ ತನ್ನ ಕೊಕ್ಕಿಗೆ ಎಟುಕುವುದಿಲ್ಲ. ಎದೆ, ತೊಡೆ, ರೆಕ್ಕೆಯ ಒಳಭಾಗ ಬರಿದಾಗಿದ್ದು ತಲೆಯ ಗರಿ ಮಾತ್ರ ನಯವಾಗಿ ಉಳಿದಿದ್ದರೆ ಹಕ್ಕಿ ತಾನೇ ಕೀಳುತ್ತಿದೆ ಎಂದರ್ಥ. ತಲೆಯಲ್ಲೂ ಗರಿ ಹೋಗಿದ್ದರೆ ಒಂದೋ ಜೊತೆಯ ಹಕ್ಕಿ ಕೀಳುತ್ತಿದೆ, ಇಲ್ಲವೇ ಗರಿಯ ಬೇರಿಗೇ ರೋಗ ತಗುಲಿದೆ. ಎರಡನೆಯದರಲ್ಲಿ ಮುಖ್ಯವಾದದ್ದು ಪಿಬಿಎಫ್‌ಡಿ ಎಂಬ, ಸರ್ಕೊವೈರಸ್ಸಿನಿಂದ ಬರುವ ಕೊಕ್ಕು ಮತ್ತು ಗರಿಯ ರೋಗ. ಅದು ಇತರ ಗಿಳಿಗಳಿಗೆ ಹರಡುತ್ತದೆ, ಹಾಗಾಗಿ ಪರೀಕ್ಷೆ ಆಗುವವರೆಗೆ ಬೇರೆ ಹಕ್ಕಿಗಳಿಂದ ದೂರವಿಡಬೇಕು. ಬೂದು ಮೈಯಲ್ಲಿ ಅಲ್ಲಲ್ಲಿ ಕೆಂಪು ಗರಿ ಮೂಡಿದರೆ ಕೆಲವರು ಅದನ್ನು ಶುಭವೆಂದು ಸಂತೋಷಪಡುತ್ತಾರೆ. ಹುಟ್ಟಿನಿಂದಲೇ ಹಾಗಿರುವ ಹಕ್ಕಿಗಳೂ ಇವೆ, ಆದರೆ ಹಿಂದೆ ಇಲ್ಲದ ಕೆಂಪು ಹೊಸದಾಗಿ ಬಂದರೆ ಅದನ್ನು ವೈದ್ಯರಿಗೆ ತೋರಿಸುವುದು ಲೇಸು.

ತೂಕ, ಹಿಕ್ಕೆ ಮತ್ತು ಗಂಟೆಯ ಲೆಕ್ಕ

ಗಿಳಿ ತನ್ನ ಕಾಯಿಲೆಯನ್ನು ಮುಚ್ಚಿಡುವ ಪ್ರಾಣಿ. ಗರಿ ಮೈಯನ್ನು ಮುಚ್ಚಿರುವುದರಿಂದ ಅದು ಸೊರಗಿದ್ದು ಕಣ್ಣಿಗೆ ಕಾಣುವುದಿಲ್ಲ, ತಕ್ಕಡಿಗೆ ಮಾತ್ರ ಕಾಣುತ್ತದೆ. ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಒಂದು ಕೊಂಬೆಯನ್ನು ನಿಲ್ಲಿಸಿ, ಬೆಳಿಗ್ಗೆ ಮೊದಲ ಹಿಕ್ಕೆ ಹಾಕಿದ ಮೇಲೆ, ತಿನ್ನಿಸುವ ಮೊದಲು ತೂಗಬೇಕು. ಬೆಳೆದ ಬೂದು ಗಿಳಿ ಸಾಮಾನ್ಯವಾಗಿ 400ರಿಂದ 550 ಗ್ರಾಂ ತೂಗುತ್ತದೆ, ಆದರೆ ನಮಗೆ ಬೇಕಾದದ್ದು ಆ ಸರಾಸರಿಯಲ್ಲ, ನಮ್ಮ ಹಕ್ಕಿಯದೇ ಹಿಂದಿನ ತೂಕ. ಅದರಲ್ಲಿ ನೂರಕ್ಕೆ ಹತ್ತರಷ್ಟು ಇಳಿದರೆ ವಿಷಯ ಗಂಭೀರ. ಚೆನ್ನಿ 462 ಗ್ರಾಮಿನಿಂದ 431ಕ್ಕೆ ಇಳಿದಿತ್ತು. ನನ್ನ ಕಣ್ಣಿಗೆ ಅದು ಮೊದಲಿನಂತೆಯೇ ದುಂಡಗೆ ಕಾಣುತ್ತಿತ್ತು.

ಹಿಕ್ಕೆಯಲ್ಲಿ ಮೂರು ಭಾಗಗಳಿರುತ್ತವೆ: ಹಸಿರು ಅಥವಾ ಕಂದು ಬಣ್ಣದ ಮಲ, ಸುಣ್ಣದಂಥ ಬಿಳಿ ಭಾಗ, ಅದರ ಸುತ್ತ ತಿಳಿನೀರು. ಪಪ್ಪಾಯಿ, ಬೀಟ್‌ರೂಟ್ ತಿಂದಾಗ ಮಲದ ಬಣ್ಣ ಬದಲಾಗುವುದು ಸಹಜ. ಬಿಳಿಯ ಭಾಗವೇ ಹಳದಿ ಅಥವಾ ಹಸಿರಾದರೆ ಯಕೃತ್ತಿನ ಮೇಲೆ ಅನುಮಾನ ಬರಬೇಕು.

ಇವೆರಡರ ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ಹಕ್ಕಿ ಗರಿ ಕೀಳುವ ಗಂಟೆಯನ್ನು ಬರೆದಿಡಬೇಕೆಂಬುದು ನನ್ನ ಒತ್ತಾಯದ ಸಲಹೆ. ಇದನ್ನು ನನಗೆ ಹೇಳಿಕೊಟ್ಟವರು ವೈದ್ಯರು, ಇದರಿಂದಲೇ ನಮ್ಮ ಮನೆಯ ಗಂಟು ಬಿಚ್ಚಿತು. ಮಳೆ, ಜಾಗದ ಬದಲಾವಣೆ, ಮಗನ ಅಗಲಿಕೆ ಮೂರೂ ಒಂದೇ ವಾರದಲ್ಲಿ ಬಂದಿದ್ದರಿಂದ ದಿನಾಂಕ ನೋಡಿ ಅವನ್ನು ಬೇರ್ಪಡಿಸುವುದು ಸಾಧ್ಯವಿರಲಿಲ್ಲ, ಆದರೆ ಗಂಟೆ ಅವನ್ನು ಬೇರ್ಪಡಿಸಿತು. ಹತ್ತು ದಿನಗಳ ಲೆಕ್ಕದಲ್ಲಿ ಚೆನ್ನಿ ಗರಿ ಕಿತ್ತದ್ದೆಲ್ಲ ಎರಡೇ ಹೊತ್ತಿನಲ್ಲಿ: ಬೆಳಿಗ್ಗೆ ಆರರಿಂದ ಏಳೂವರೆ, ಸಂಜೆ ಐದರಿಂದ ಆರೂವರೆ. ಬೆಳಿಗ್ಗೆ ಆರಕ್ಕೆ ನಮ್ಮಲ್ಲಿ ಹಂಡೆ ಒಲೆಗೆ ಬೆಂಕಿ ಹಾಕುತ್ತಾರೆ. ಸಂಜೆ ಐದು ಮಗ ಕಾಲೇಜಿನಿಂದ ಮನೆಗೆ ಬರುತ್ತಿದ್ದ ಹೊತ್ತು.

ಗಾಳಿ

ಮಲೆನಾಡಿನ ಮನೆಯಲ್ಲಿ ಮೊದಲು ಶಂಕಿಸಬೇಕಾದದ್ದು ಗಾಳಿಯನ್ನು. ಹಕ್ಕಿಯ ಶ್ವಾಸಕೋಶದೊಂದಿಗೆ ಮೈತುಂಬ ಗಾಳಿಚೀಲಗಳಿರುತ್ತವೆ. ನಮಗೆ ಕಣ್ಣು ಸ್ವಲ್ಪ ಉರಿಸುವ ಹೊಗೆ ಅದಕ್ಕೆ ಬಹಳ ದೊಡ್ಡ ಏಟು. ಮಳೆಗಾಲದಲ್ಲಿ ಕಿಟಕಿಗಳು ಮುಚ್ಚಿರುತ್ತವೆ, ಹಸಿ ಸೌದೆ ಹೊಗೆಯಾಡುತ್ತದೆ, ಬಟ್ಟೆ ಒಳಗೇ ಒಣಗುತ್ತವೆ, ಕೆಲವರು ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟುಕೊಳ್ಳುತ್ತಾರೆ, ಸೊಳ್ಳೆಬತ್ತಿ, ಅಗರಬತ್ತಿ, ಸಾಂಬ್ರಾಣಿ ಅದೇ ಕೋಣೆಯಲ್ಲಿ ಉರಿಯುತ್ತವೆ. ಮನೆಬಳಕೆಗೆ ಕಾಫಿಬೀಜ ಹುರಿಯುವ ದಿನದ ಹೊಗೆಯನ್ನಂತೂ ಯಾರೂ ಹೊಗೆಯೆಂದೇ ಎಣಿಸುವುದಿಲ್ಲ. ಹೊಗೆಯ ಕಣಗಳು ಗರಿಗೆ ಅಂಟುತ್ತವೆ. ಹಕ್ಕಿ ಅದನ್ನು ಶುಚಿಗೊಳಿಸಲು ತೊಡಗಿ, ಚರ್ಮ ಕೆರಳಿ, ಕೊನೆಗೆ ಗರಿಯನ್ನೇ ತೆಗೆದುಹಾಕುತ್ತದೆ.

ಹೊಗೆಯ ಜೊತೆ ಬೂಷ್ಟು. ಆಸ್ಪರ್‌ಜಿಲ್ಲಸ್ ಎಂಬ ಶಿಲೀಂಧ್ರ ಒದ್ದೆ ಗೋಡೆ, ಒದ್ದೆ ಕಾಳು, ಪಂಜರದ ತಳದ ಒದ್ದೆ ಕಾಗದ ಎಲ್ಲ ಕಡೆ ಬೆಳೆಯುತ್ತದೆ, ಅದರ ಬೀಜಕಣಗಳು ಗಾಳಿಚೀಲದಲ್ಲಿ ನೆಲೆಸಿದರೆ ಬರುವ ರೋಗಕ್ಕೆ ಬೂದು ಗಿಳಿಗಳು ಸುಲಭವಾಗಿ ತುತ್ತಾಗುತ್ತವೆ. ಮಾತಿನ ದನಿ ಒಡೆಯುವುದು, ಸ್ವಲ್ಪ ಹಾರಿದರೂ ಏದುಸಿರು ಬಿಡುವುದು ಅದರ ಮೊದಲ ಸೂಚನೆಗಳು. ಪಂಜರವನ್ನು ಹೊರಗೋಡೆಗೆ ತಾಗಿಸದೆ ಒಂದು ಗೇಣು ಮುಂದಕ್ಕೆ ಇಡುವುದು, ತಳದ ಕಾಗದವನ್ನು ಮಳೆಗಾಲದಲ್ಲಿ ದಿನಕ್ಕೆರಡು ಬಾರಿ ಬದಲಿಸುವುದು ಸಣ್ಣ ಕೆಲಸಗಳಾದರೂ ಬಹಳ ಉಪಯುಕ್ತ.

ನಾನ್‌ಸ್ಟಿಕ್ ತವಾ ಗರಿ ಕೀಳುವುದಕ್ಕೆ ಕಾರಣವಲ್ಲ, ಅದರ ಅಪಾಯ ಬೇರೆಯೇ ತೆರನಾದದ್ದು: ಅತಿಯಾಗಿ ಕಾದ ಆ ಲೇಪದಿಂದ ಹೊರಡುವ, ವಾಸನೆಯೂ ತಿಳಿಯದ ಅನಿಲ ಗಿಳಿಯನ್ನು ಕೆಲವೇ ನಿಮಿಷಗಳಲ್ಲಿ ಕೊಲ್ಲುತ್ತದೆ. ಗಿಳಿ ಇರುವ ಮನೆಯಲ್ಲಿ ಅದು ಇರಬಾರದು. ತೋಟಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಅಥವಾ ಬೇರೆ ಔಷಧಿ ಹೊಡೆಯುವ ದಿನ ಪಂಜರ ಜಗಲಿಯಲ್ಲಿ ಇರಬಾರದು, ಹಾಗೆ ಹೊಡೆದ ಗಿಡದ ಕೊಂಬೆಯನ್ನು ಕೂರಲು ಕೊಡಬಾರದು. ಔಷಧಿ ಕಾಣದ ಕಾಫಿ ಗಿಡದ ಒಣಕೊಂಬೆಯಾದರೆ ಒಳ್ಳೆಯ ಗಟ್ಟಿ ಆಸನ.

ತೊಂದರೆ ಮಳೆಗಾಲದಲ್ಲಿ ಅಲ್ಲದೆ ಫೆಬ್ರವರಿ, ಮಾರ್ಚಿಯಲ್ಲಿ ಆರಂಭವಾದರೆ, ಅದರಲ್ಲೂ ಹಾಸನ ಪಟ್ಟಣ, ಅರಸೀಕೆರೆ, ಕಡೂರಿನಂಥ ಬಯಲಿನ ಕಡೆ, ಲೆಕ್ಕ ತಿರುಗಿಹೋಗುತ್ತದೆ. ಇದು ಆಫ್ರಿಕದ ಸಮಭಾಜಕದ ಮಳೆಕಾಡಿನ ಹಕ್ಕಿ. ಒಣಹವೆಯಲ್ಲಿ ಅದರ ಚರ್ಮ ತುರಿಸುತ್ತದೆ. ಆಗ ಬೆಳಗಿನ ಹೊತ್ತು ಉಗುರುಬೆಚ್ಚಗಿನ ಬರೀ ನೀರನ್ನು ತುಂತುರಾಗಿ ಚಿಮುಕಿಸಿ, ಸಂಜೆಯೊಳಗೆ ಮೈ ಒಣಗುವಂತೆ ನೋಡಿಕೊಂಡರೆ ಎರಡು ಮೂರು ವಾರದಲ್ಲಿ ವ್ಯತ್ಯಾಸ ತಿಳಿಯುತ್ತದೆ.

ಆಹಾರ ಮತ್ತು ಬಿಸಿಲು

ತನ್ನ ನಾಡಿನಲ್ಲಿ ಈ ಗಿಳಿ ಎಣ್ಣೆತಾಳೆಯ ಕೆಂಪು ಹಣ್ಣನ್ನು ತಿನ್ನುತ್ತದೆ, ಅದರಲ್ಲಿ ವಿಟಮಿನ್ ಎ ಆಗಿ ಮಾರ್ಪಡುವ ಅಂಶ ತುಂಬಿದೆ. ನಮ್ಮ ಮನೆಗಳಲ್ಲಿ ಅದಕ್ಕೆ ಸಿಗುವುದು ಸೂರ್ಯಕಾಂತಿ ಬೀಜ: ಕೊಬ್ಬು ಹೆಚ್ಚು, ಕ್ಯಾಲ್ಸಿಯಂ ಬಹಳ ಕಡಿಮೆ, ವಿಟಮಿನ್ ಎ ಇಲ್ಲವೆನ್ನುವಷ್ಟು. ಚೆನ್ನಿಗೂ ಆರು ವರ್ಷ ನಾನು ಅದನ್ನೇ ಪ್ರೀತಿಯಿಂದ ತಿನ್ನಿಸಿದೆ. ವಿಟಮಿನ್ ಎ ಕೊರತೆಯಾದರೆ ಚರ್ಮ ಒರಟಾಗುತ್ತದೆ, ಬಾಯಿಯೊಳಗೆ ಬಿಳಿ ಮಚ್ಚೆಗಳು ಕಾಣುತ್ತವೆ, ಮೂಗು ಕಟ್ಟುತ್ತದೆ.

ಸಿಹಿಗುಂಬಳ, ಕ್ಯಾರೆಟ್, ಪಪ್ಪಾಯಿ, ಬೇಯಿಸಿದ ಗೆಣಸು, ಹಿತ್ತಲಿನ ನುಗ್ಗೆಸೊಪ್ಪು, ಬೇಯಿಸಿದ ರಾಗಿ ಮತ್ತು ಹೆಸರುಕಾಳು ನಮ್ಮಲ್ಲಿ ಎಲ್ಲೂ ಸಿಗುತ್ತವೆ. ಇವುಗಳ ಜೊತೆಗೆ ಗಿಳಿಗಳಿಗೆಂದೇ ತಯಾರಾದ ಪೆಲೆಟ್ (ಒತ್ತಿ ಮಾಡಿದ ಕಾಳಿನಂಥ ಆಹಾರ) ಕೊಡುವುದು ಒಳ್ಳೆಯದು. ಬೀಜವನ್ನು ಒಮ್ಮೆಗೇ ನಿಲ್ಲಿಸಬಾರದು, ಹೊಸದನ್ನು ಆಹಾರವೆಂದು ಗುರುತಿಸದೆ ಹಕ್ಕಿ ಉಪವಾಸ ಬೀಳಬಹುದು. ದಿನವೂ ತೂಗುತ್ತ ಎರಡು ತಿಂಗಳಲ್ಲಿ ಬದಲಿಸುವುದು ಸುರಕ್ಷಿತ. ಮಳೆಗಾಲದ ಕಡಲೆಕಾಯಿಯಲ್ಲಿ ಕಣ್ಣಿಗೆ ಕಾಣದ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ವಿಷ ಸೇರಿರಬಹುದಾದ್ದರಿಂದ ಅದನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಕಾಫಿ ತೋಟದ ನಡುವೆ ಬೆಳೆಯುವ ಬೆಣ್ಣೆಹಣ್ಣು ಗಿಳಿಗೆ ಮಾರಕ. ಕಾಫಿ, ಚಾಕೊಲೇಟ್, ಈರುಳ್ಳಿ ಕೂಡ ಸಲ್ಲದು.

ಕ್ಯಾಲ್ಸಿಯಂ ತಿಂದರೆ ಸಾಲದು, ಅದು ಮೈಗೆ ಹತ್ತಲು ವಿಟಮಿನ್ ಡಿ ಬೇಕು, ಅದಕ್ಕೆ ಬಿಸಿಲಿನ ಯುವಿಬಿ ಎಂಬ ನೇರಳಾತೀತ ಕಿರಣ ಬೇಕು. ಕಿಟಕಿಯ ಗಾಜು ಆ ಕಿರಣಗಳನ್ನು ತಡೆಯುತ್ತದೆ, ಆದ್ದರಿಂದ ಗಾಜಿನ ಹಿಂದಿನ ಬಿಸಿಲು ಬೆಚ್ಚಗಿದ್ದರೂ ಈ ಕೆಲಸಕ್ಕೆ ಬಾರದು. ಹೊಳವಾದ ದಿನ ಅರ್ಧ ಗಂಟೆ, ಪಂಜರದ ಅರ್ಧಕ್ಕೆ ನೆರಳು ಮಾಡಿ, ಯಾರಾದರೂ ಪಕ್ಕದಲ್ಲೇ ಇದ್ದು ಹೊರಗಿಡಬೇಕು. ಜುಲೈನಲ್ಲಿ ವಾರಗಟ್ಟಲೆ ಸೂರ್ಯನೇ ಕಾಣದ ನಮ್ಮಂಥ ಊರುಗಳಲ್ಲಿ ಹಕ್ಕಿಗಳಿಗೆಂದು ಮಾಡಿದ ಯುವಿಬಿ ದೀಪ ಬೇಕಾಗುತ್ತದೆ. ಮನುಷ್ಯರ ಸಿರಪ್ಪನ್ನು ಅಂದಾಜಿನಲ್ಲಿ ಹಾಕಬೇಡಿ, ವಿಟಮಿನ್ ಡಿ ಹೆಚ್ಚಾದರೆ ಮೂತ್ರಪಿಂಡ ಕೆಡುತ್ತದೆ.

ಲೋಹ

ಹೊಸ ಪಂಜರ ತಂದ ಮೇಲೆ ತೊಂದರೆ ಆರಂಭವಾಗಿದ್ದರೆ ಜಿ.ಐ. ತಂತಿಯ ಸತುವಿನ ಲೇಪವನ್ನು ಶಂಕಿಸಿ. ಹಕ್ಕಿ ಅದನ್ನು ಕಚ್ಚಿ ನುಂಗಿದರೆ ಸತುವಿನ ವಿಷವೇರುತ್ತದೆ. ಎಕ್ಸ್‌ರೇ ಮತ್ತು ರಕ್ತಪರೀಕ್ಷೆಯಿಂದ ಪತ್ತೆಯಾಗುತ್ತದೆ. ಸ್ಟೀಲ್ ಪಂಜರ ದುಬಾರಿಯಾದರೂ ಒಮ್ಮೆ ಕೊಂಡರೆ ಸಾಕು.

ನಿದ್ರೆ, ಒಂಟಿತನ, ಕೈಗೆ ಕೆಲಸ

ದೇಹದ ಕಾರಣಗಳನ್ನೆಲ್ಲ ನೋಡಿದ ಮೇಲೆಯೇ ಮನಸ್ಸಿನ ಕಡೆಗೆ ಬರಬೇಕು. "ಬೇಸರಕ್ಕೆ ಕೀಳುತ್ತಿದೆ" ಎಂದು ಮೊದಲೇ ತೀರ್ಮಾನಿಸಿದರೆ ಕ್ಯಾಲ್ಸಿಯಂ ಕೊರತೆಯ ಹಕ್ಕಿಗೆ ಆಟಿಕೆ ಕೊಟ್ಟು ಕೂರುತ್ತೇವೆ.

ಸಮಭಾಜಕದ ಬಳಿ ವರ್ಷವಿಡೀ ರಾತ್ರಿ ಸುಮಾರು ಹನ್ನೆರಡು ಗಂಟೆಯದು. ಟಿವಿ ಹನ್ನೊಂದರವರೆಗೆ ಓಡುವ ಹಾಲ್‌ನಲ್ಲಿ, ಬೆಳಿಗ್ಗೆ ಐದಕ್ಕೆ ದೀಪ ಹಾಕುವ ಮನೆಯಲ್ಲಿ ಗಿಳಿಗೆ ಅದರ ಅರ್ಧ ಮಾತ್ರ ಸಿಗುತ್ತದೆ. ಹತ್ತರಿಂದ ಹನ್ನೆರಡು ಗಂಟೆ ಕತ್ತಲು ಮತ್ತು ಮೌನ ಸಿಗಬೇಕು. ಬೆನ್ನು, ರೆಕ್ಕೆಯಡಿ ಸವರುವುದು ಪ್ರಾಯದ ಹಕ್ಕಿಯಲ್ಲಿ ಜೋಡಿಯ ಬಯಕೆ ಕೆರಳಿಸುತ್ತದೆ, ಅದು ತೀರದೆ ಗರಿಯ ಮೇಲೆ ತಿರುಗುತ್ತದೆ. ಮುದ್ದು ತಲೆಗೆ ಮಾತ್ರ ಇರಲಿ.

ಐರಿನ್ ಪೆಪ್ಪರ್‌ಬರ್ಗ್ ಎಂಬ ಅಮೆರಿಕದ ವಿಜ್ಞಾನಿ 1977ರಲ್ಲಿ ಕೊಂಡು, 2007ರಲ್ಲಿ ಅದು ಸಾಯುವವರೆಗೆ ಕಲಿಸಿದ ಅಲೆಕ್ಸ್ ಎಂಬ ಬೂದು ಗಿಳಿ ವಸ್ತುಗಳ ಹೆಸರು, ಬಣ್ಣ, ಆಕಾರ ಹೇಳುತ್ತಿತ್ತು, ಆರರವರೆಗೆ ಎಣಿಸುತ್ತಿತ್ತು. ಅಂಥ ಬುದ್ಧಿಯ ಪ್ರಾಣಿ ಕಾಡಿನಲ್ಲಿ ಗುಂಪಿನೊಡನೆ ಆಹಾರ ಹುಡುಕುತ್ತ ಹಗಲು ಕಳೆಯುತ್ತದೆ, ನಮ್ಮ ಬಟ್ಟಲಿನ ಊಟವನ್ನು ಹತ್ತು ನಿಮಿಷದಲ್ಲಿ ಮುಗಿಸುತ್ತದೆ. ಉಳಿದ ಹೊತ್ತನ್ನು ತುಂಬುವುದು ನಮ್ಮ ಹೊಣೆ. ಅಡಿಕೆ ಹಾಳೆಯನ್ನು ಮಡಿಸಿ ಒಳಗೆ ಕಾಳು ಕಟ್ಟುವುದು, ತೆಂಗಿನ ಚಿಪ್ಪಿನಲ್ಲಿ ಕಾಗದದ ಉಂಡೆಗಳ ನಡುವೆ ಕ್ಯಾರೆಟ್ ಚೂರು ಅಡಗಿಸುವುದು, ಬಿದಿರಿನ ತುಂಡಿಗೆ ಸೊಪ್ಪು ತುರುಕುವುದು, ಎಲ್ಲವೂ ನಮ್ಮ ಅಂಗಳದ್ದೇ. ಆದರೆ ಬೂದು ಗಿಳಿ ಹೊಸದನ್ನು ಕಂಡರೆ ಹೆದರುವ ಜಾತಿ; ಮೊದಲು ನಾಲ್ಕು ದಿನ ಪಂಜರದ ಹೊರಗೆ, ಅದಕ್ಕೆ ಕಾಣುವಂತೆ ಇಟ್ಟು ಆಮೇಲೆ ಒಳಗಿಡಬೇಕು.

ವೈದ್ಯರ ಬಳಿಗೆ ಹೋಗುವಾಗ

ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಎಲ್ಲಿಗೆ ಹೋಗುವುದಾದರೂ ಗಿಳಿಗಳನ್ನು ನೋಡಿ ಅನುಭವವಿರುವವರು ಯಾವ ದಿನ ಇರುತ್ತಾರೆಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ನೋಟ್‌ಬುಕ್, ಕಿತ್ತ ಗರಿಗಳು, ಅಂದಿನ ಹಿಕ್ಕೆಯ ಕಾಗದ, ಕೀಳುವಾಗ ತೆಗೆದ ವಿಡಿಯೊ ಜೊತೆಗಿರಲಿ. ರಕ್ತಕಣಗಳ ಎಣಿಕೆ, ಕ್ಯಾಲ್ಸಿಯಂ, ಯಕೃತ್ತಿನ ಪರೀಕ್ಷೆ, ಎಕ್ಸ್‌ರೇ, ಪಿಬಿಎಫ್‌ಡಿ ಮತ್ತು ಸಿಟ್ಟಕೋಸಿಸ್ ಪರೀಕ್ಷೆಗಳ ಬಗ್ಗೆ ಕೇಳಿ. ಸಿಟ್ಟಕೋಸಿಸ್ ಒಣಗಿದ ಹಿಕ್ಕೆಯ ಧೂಳಿನಿಂದ ಮನುಷ್ಯರಿಗೂ ತಗುಲುವ ರೋಗ, ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಬಿಡದ ಜ್ವರ ಕೆಮ್ಮು ಬಂದರೆ ಗಿಳಿ ಸಾಕಿರುವುದನ್ನು ವೈದ್ಯರಿಗೆ ಹೇಳಲೇಬೇಕು. ಕೊರಳಿಗೆ ಪಟ್ಟಿ ಹಾಕುವುದು ಮಾಂಸ ಕಚ್ಚಿಕೊಳ್ಳುವ ಹಕ್ಕಿಗೆ ಮಾತ್ರ. ಅದು ಕೊಕ್ಕನ್ನು ತಡೆಯುತ್ತದೆಯೇ ಹೊರತು ಕಾರಣವನ್ನಲ್ಲ.

ಕಾಗದಪತ್ರವಿಲ್ಲವೆಂದು ಹೆದರಿ ಹಕ್ಕಿಯನ್ನು ಆಸ್ಪತ್ರೆಗೆ ಒಯ್ಯದವರನ್ನು ಕಂಡು ನನಗೆ ಸಂಕಟವಾಗಿದೆ. ಈ ಜಾತಿ 2017ರಿಂದ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲನೆಯ ಅನುಬಂಧದಲ್ಲಿದೆ, ಇಂಥ ಪ್ರಾಣಿಗಳನ್ನು ಸಾಕಿದವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕೆಂಬ ನಿಯಮ 2024ರಲ್ಲಿ ಬಂದಿದೆ. ನೋಂದಣಿಯನ್ನು ಆರೋಗ್ಯವಾಗಿರುವಾಗಲೇ ಮುಗಿಸಿ.

ಚೆನ್ನಿಯ ಲೆಕ್ಕ

ಎಕ್ಸ್‌ರೇಯಲ್ಲಿ ಲೋಹ ಇರಲಿಲ್ಲ, ಪಿಬಿಎಫ್‌ಡಿ ಇರಲಿಲ್ಲ, ಕ್ಯಾಲ್ಸಿಯಂ ಕಡಿಮೆ ಇತ್ತು. ಅದಕ್ಕೆ ವೈದ್ಯರು ಅಂದೇ ಔಷಧಿ ಆರಂಭಿಸಿದರು, ಜೀವಕ್ಕೆ ಅಪಾಯವಿರುವಲ್ಲಿ ಕಾದು ನೋಡುವ ಮಾತಿಲ್ಲ. ಉಳಿದದ್ದನ್ನು ಒಂದೊಂದಾಗಿ ಮಾಡಿದೆವು. ಮೊದಲು ಪಂಜರವನ್ನು ಹಂಡೆ ಒಲೆಯಿಂದ ದೂರದ ಮುಂದಿನ ಕೋಣೆಗೆ ತಂದು ಹತ್ತು ದಿನ ಬೇರೇನನ್ನೂ ಮುಟ್ಟಲಿಲ್ಲ. ದಿನಕ್ಕೆ ಹದಿನಾಲ್ಕು ಹದಿನೈದು ಕೀಳುತ್ತಿದ್ದ ಗರಿ ಐದಾರಕ್ಕೆ ಇಳಿಯಿತು, ಬೆಳಗಿನ ಹೊತ್ತಿನ ಕಾಲಂ ಖಾಲಿಯಾಯಿತು. ಸಂಜೆಯದು ಹಾಗೆಯೇ ಉಳಿಯಿತು. ಆಮೇಲೆ ಸಂಜೆ ಐದಕ್ಕೆ ಸರಿಯಾಗಿ ಅಡಿಕೆ ಹಾಳೆಯ ಪೊಟ್ಟಣ ಕೊಟ್ಟು, ಅದು ಬಿಚ್ಚುವಷ್ಟು ಹೊತ್ತೂ ನಾನು ಪಕ್ಕದಲ್ಲಿ ಕುಳಿತೆ. ಮೂರನೆಯ ವಾರದಲ್ಲಿ ಆ ಕಾಲಂನಲ್ಲೂ ಖಾಲಿ ದಿನಗಳು ಬಂದವು. ಆಹಾರ ಬದಲಿಸಲು ಸೆಪ್ಟೆಂಬರ್ ಕೊನೆಯವರೆಗೆ ಹಿಡಿಯಿತು. ತೂಕ ಈಗ 458 ಗ್ರಾಂ.

ಎಡ ಎದೆಯ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಗರಿ ಮರಳಿ ಬಂದಿಲ್ಲ. ಮತ್ತೆ ಮತ್ತೆ ಕಿತ್ತಾಗ ಗರಿಯ ಬೇರೇ ಸಾಯುತ್ತದೆ, ನಾನು ಪುಡಿ ಹಾಕುತ್ತ ಕಳೆದ ಮೂರು ವಾರ ಅಲ್ಲಿ ಉಳಿದುಹೋಗಿದೆ. ಈ ವರ್ಷ ಮೇ ತಿಂಗಳ ಮಧ್ಯದಿಂದಲೇ ಪಂಜರವನ್ನು ದಿನಕ್ಕೆ ಒಂದೆರಡು ಗಂಟೆ ಮುಂದಿನ ಕೋಣೆಯಲ್ಲಿ ಇಡಲು ಆರಂಭಿಸುತ್ತೇವೆ, ಮಳೆ ಹಿಡಿಯುವ ಹೊತ್ತಿಗೆ ಆ ಕೋಣೆ ಅದಕ್ಕೆ ಹಳೆಯದಾಗಿರಬೇಕು. ನೋಟ್‌ಬುಕ್ಕಿನಲ್ಲಿ ಜೂನ್ ತಿಂಗಳ ಹಾಳೆಗೆ ಗೆರೆ ಎಳೆದು ಇಟ್ಟಿದ್ದೇನೆ.